ಮೀನಿಗೆ ಐಸ್ ಬೇಕು

ನಾವು ಕಡಲ ತೀರದವರು. ಹತ್ತಾರು ಜನ ಸೇರಿ ಕೈರಂಪಣಿ ಬಲೆ ಎಳೆಯುತ್ತಾರೆ. ನಾವು ಬುಟ್ಟಿ ಹಿಡಿದು ನಿಲ್ಲುತ್ತೇವೆ. ಬಲೆ ತುಂಬ ಬಂಗುಡೆ, ಬೂತಾಯಿ!

ಮೀನು ಬಿಸಿಲಲ್ಲಿ ಇಡಬಾರದು. ಕೂಡಲೇ ನೆರಳಿಗೆ ತರಬೇಕು. ಬುಟ್ಟಿಯಲ್ಲಿ ಒಂದು ಸಾಲು ಪುಡಿ ಐಸ್, ಒಂದು ಸಾಲು ಮೀನು ಹಾಕಬೇಕು.

ಯಾಕೆ ಗೊತ್ತಾ?

ಬಂಗುಡೆ, ಬೂತಾಯಿ ಸೆಕೆಗೆ ಬೇಗ ಕೆಡುತ್ತವೆ. ಮೀನಿನಲ್ಲಿ ವಿಷ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಆ ವಿಷ ಹೋಗೋದಿಲ್ಲ. ತಿಂದರೆ ಮುಖ ಕೆಂಪಾಗುತ್ತದೆ. ಮೈ ತುರಿಸುತ್ತದೆ. ತಲೆ ನೋಯುತ್ತದೆ. ವಾಂತಿಭೇದಿಯೂ ಆಗಬಹುದು. ಹಾಗಾದರೆ ಆಸ್ಪತ್ರೆಗೆ ಹೋಗಬೇಕು.

ತಾಜಾ ಮೀನಿನ ಕಣ್ಣು ಹೊಳೆಯುತ್ತದೆ. ಕಿವಿರು ಕೆಂಪಗಿರುತ್ತದೆ. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯೋದಿಲ್ಲ. ಆದರೆ ವಿಷ ಇದ್ದರೂ ಕೆಲವೊಮ್ಮೆ ಕಣ್ಣಿಗೆ ಕಾಣೋದಿಲ್ಲ. ಅದಕ್ಕೇ ಐಸ್ ಬೇಕು.

ಈಗ ಸಾರು ಮಾಡೋಣ. ಬಂಗುಡೆಯ ಕಿವಿರು, ಕರುಳು ತೆಗೆದು ತೊಳೆಯೋಣ. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಅರಿಶಿನ, ಹುಣಸೆಹುಳಿ ನುಣ್ಣಗೆ ಅರೆಯೋಣ. ನೀರು, ಉಪ್ಪು ಹಾಕಿ ಕುದಿಸೋಣ. ಜಜ್ಜಿದ ಜುಮ್ಮನಕಾಯಿ ಹಾಕೋಣ. ಆಮೇಲೆ ಮೀನು ಬಿಟ್ಟು ಚೆನ್ನಾಗಿ ಬೇಯಿಸೋಣ. ಸೌಟು ಆಡಿಸಿದರೆ ಮೀನು ಒಡೆಯುತ್ತದೆ. ಪಾತ್ರೆಯನ್ನೇ ಮೆಲ್ಲಗೆ ಆಡಿಸೋಣ.

ಅಕ್ಕಾ, ಐಸಿಗೆ ಕೊಟ್ಟ ದುಡ್ಡು ದಂಡ ಅನ್ನಬೇಡಿ. ಅದು ನಮ್ಮ ಮಕ್ಕಳ ಆರೋಗ್ಯಕ್ಕೆ ಕೊಟ್ಟ ದುಡ್ಡು.