ದಂತಹರ್ಷವೂ ಸೂಕ್ಷ್ಮಕಣ ಚಿಕಿತ್ಸೆಯೂ

ಬೇಸಗೆಯ ಮಧ್ಯಾಹ್ನದಲ್ಲಿ ತಣ್ಣನೆಯ ಪಾನಕವನ್ನು ಬಾಯಿಗಿಟ್ಟೊಡನೆ ಕೆನ್ನೆಗೆ ಕೈಯೊತ್ತಿ ಕಣ್ಣು ಮುಚ್ಚುವವರು ಅನೇಕರು. ಕೆಲವರಿಗೆ ಹುಳಿಮಾವಿನ ಹೋಳು, ಕೆಲವರಿಗೆ ಬಿಸಿ ಕಾಫಿ, ಇನ್ನು ಕೆಲವರಿಗೆ ಮುಂಜಾನೆಯ ತಂಗಾಳಿಯೇ ಸಾಕು, ಹಲ್ಲು ಜುಮ್ಮೆನ್ನುತ್ತದೆ. ನೋವು ಕ್ಷಣಮಾತ್ರದ್ದು, ಆದುದರಿಂದಲೇ ಜನರು ಅದನ್ನು ರೋಗವೆಂದು ಗಣಿಸುವುದಿಲ್ಲ. ಆದರೆ ನೋಯುವ ಹಲ್ಲನ್ನು ಉಜ್ಜಲು ಅಂಜಿ ಬಿಡುವುದರಿಂದ ಅಲ್ಲಿ ಪಾಚಿ ಕಟ್ಟುತ್ತದೆ. ಪಾಚಿಯಿಂದ ಒಸಡು ಬಾತು ಹಿಂದೆ ಸರಿಯುತ್ತದೆ. ಒಸಡು ಸರಿದಷ್ಟೂ ನೋವು ಹೆಚ್ಚುತ್ತದೆ. ಹೀಗೆ ಅಲ್ಪವೆಂದು ಅಲಕ್ಷಿಸಿದ ಬಾಧೆಯು ಕಡೆಗೆ ಹಲ್ಲಿಗೇ ಎರವಾಗುವುದುಂಟು.

ಈ ಬಾಧೆಯು ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ದಂತಗತ ರೋಗಗಳು ಎಂಟೆಂದು ಎಣಿಸಲಾಗಿದೆ. ಅವುಗಳಲ್ಲಿ ಒಂದರ ಹೆಸರು 'ದಂತಹರ್ಷ'. ತಣ್ಣನೆಯದನ್ನೂ ಬಿಸಿಯಾದುದನ್ನೂ ಸ್ಪರ್ಶವನ್ನೂ ಹಲ್ಲು ಸಹಿಸದಿರುವುದು ಇದರ ಲಕ್ಷಣ. ವಾತವು ಇದಕ್ಕೆ ಕಾರಣವೆಂದು ಹೇಳಿದೆ. ನೋವಿಗೆ 'ಹರ್ಷ'ವೆಂಬ ಹೆಸರೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಂಸ್ಕೃತದ 'ಹೃಷ್' ಧಾತುವಿಗೆ ಸಂತೋಷಪಡು ಎಂಬ ಅರ್ಥದಂತೆಯೇ ನಿಮಿರು, ಪುಲಕಗೊಳ್ಳು ಎಂಬ ಅರ್ಥವೂ ಉಂಟು. ರೋಮಗಳು ನಿಮಿರುವುದು ರೋಮಹರ್ಷ. ಹಲ್ಲು ಜುಮ್ಮೆನ್ನುವುದು ದಂತಹರ್ಷ. ಜನರ ಆಡುಮಾತೂ ಶಾಸ್ತ್ರದ ಪರಿಭಾಷೆಯೂ ಇಲ್ಲಿ ಒಂದೇ ಅನುಭವವನ್ನು ಹಿಡಿದಿವೆ. ಬೆಚ್ಚನೆಯ ಸ್ನೇಹದ್ರವ್ಯವನ್ನು ಬಾಯಲ್ಲಿ ಹಿಡಿದು ಮುಕ್ಕಳಿಸುವುದು ಅಂದು ವಿಧಿಸಿದ ಉಪಚಾರ.

ಹಲ್ಲಿನ ರಚನೆ

ರೋಗದ ಮರ್ಮವನ್ನು ತಿಳಿಯಬೇಕಾದರೆ ಹಲ್ಲಿನ ರಚನೆಯನ್ನು ಅರಿಯಬೇಕು. ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಎಂಬ ಹೊರಕವಚವಿದೆ. ತೂಕದಲ್ಲಿ ಅದರ ನೂರರಲ್ಲಿ ಸುಮಾರು ೯೬ ಪಾಲು ಖನಿಜ. ಮಾನವ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಅದರೊಳಗಿರುವುದು ಡೆಂಟಿನ್. ಇದರಲ್ಲಿ ಖನಿಜಾಂಶ ಸುಮಾರು ೭೦ ಪಾಲು. ಉಳಿದುದು ಜೈವಿಕ ದ್ರವ್ಯ ಮತ್ತು ನೀರು. ನಟ್ಟನಡುವೆ ರಕ್ತನಾಳಗಳೂ ನರಗಳೂ ಕೂಡಿದ ತಿರುಳಿದೆ.

ಡೆಂಟಿನ್ ಕಲ್ಲಿನಂತೆ ಇಡಿಯಾದುದಲ್ಲ. ತಿರುಳಿನಿಂದ ಹೊರಮುಖವಾಗಿ ಅಸಂಖ್ಯಾತ ಸೂಕ್ಷ್ಮನಾಳಗಳು ಅದರಲ್ಲಿ ಹರಡಿವೆ. ಒಂದು ಚದರ ಮಿಲಿಮೀಟರಿನಲ್ಲಿ ಹೊರಭಾಗದಲ್ಲಿ ಸುಮಾರು ೨೦,೦೦೦, ತಿರುಳಿನ ಸಮೀಪದಲ್ಲಿ ೪೫,೦೦೦ಕ್ಕೂ ಮೇಲ್ಪಟ್ಟು ನಾಳಗಳಿರುತ್ತವೆ. ಒಂದೊಂದರ ಅಗಲ ಹೊರಗಡೆ ಸುಮಾರು ಒಂದು ಮೈಕ್ರೋಮೀಟರ್, ಒಳಗಡೆ ಸುಮಾರು ಎರಡೂವರೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲೇ ಮೈಕ್ರೋಮೀಟರ್. ಈ ನಾಳಗಳಲ್ಲೆಲ್ಲ ಒಂದು ಬಗೆಯ ದ್ರವ ತುಂಬಿದೆ.

ಹೊರಕವಚವೂ ಒಸಡೂ ಮುಚ್ಚಿರುವವರೆಗೆ ಈ ನಾಳಗಳಿಗೆ ಹೊರಜಗತ್ತಿನ ಸಂಪರ್ಕವಿಲ್ಲ. ಒಸಡು ಸರಿದು ಬೇರು ಹೊರಬಿದ್ದಾಗ, ಅಥವಾ ಕವಚವು ಸವೆದಾಗ, ನಾಳಗಳ ಬಾಯಿ ತೆರೆಯುತ್ತದೆ. ಆಗ ತಣ್ಣನೆಯ ನೀರು ತಾಗಿದೊಡನೆ ಒಳಗಿನ ದ್ರವವು ಸರ್ರನೆ ಚಲಿಸುತ್ತದೆ, ಆ ಚಲನೆಯು ನರಗಳ ತುದಿಯನ್ನು ಕೆಣಕುತ್ತದೆ, ಅದೇ ನೋವು. ೧೯೬೦ರ ದಶಕದಲ್ಲಿ ಸ್ವೀಡನ್ನಿನ ದಂತವಿಜ್ಞಾನಿ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ಪ್ರಯೋಗಗಳಿಂದ ಸಮರ್ಥಿಸಿದ ಈ ದ್ರವಚಲನ ಸಿದ್ಧಾಂತವನ್ನೇ ಇಂದಿಗೂ ಹೆಚ್ಚಿನ ತಜ್ಞರು ಒಪ್ಪುತ್ತಾರೆ. 'ವಾತ'ಕ್ಕೆ ಚಲನೆಯೇ ಲಕ್ಷಣವಾದುದರಿಂದ ಪ್ರಾಚೀನರಿಗೆ ಇದೆಲ್ಲ ತಿಳಿದಿತ್ತೆಂದು ಹೇಳಲು ಮನಸ್ಸು ಹಾತೊರೆಯಬಹುದು. ಆದರೆ ಸೂಕ್ಷ್ಮದರ್ಶಕವಿಲ್ಲದೆ ನಾಳಗಳನ್ನು ಕಾಣುವುದು ಸಾಧ್ಯವಿರಲಿಲ್ಲ. ಲಕ್ಷಣವನ್ನು ನಿಖರವಾಗಿ ಗುರುತಿಸಿದ ಕೀರ್ತಿ ಪ್ರಾಚೀನರದು. ಕಾರಣವನ್ನು ಪ್ರಯೋಗದಿಂದ ತೋರಿದ ಕೀರ್ತಿ ಆಧುನಿಕರದು. ಇಬ್ಬರಿಗೂ ಸಲ್ಲಬೇಕಾದುದನ್ನು ಸಲ್ಲಿಸುವುದೇ ವಿದ್ವತ್ತಿನ ನ್ಯಾಯ.

ನೋಯುವ ಹಲ್ಲಿಗೂ ನೋಯದ ಹಲ್ಲಿಗೂ ಇರುವ ಭೇದವನ್ನು ೧೯೮೭ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ಪಷ್ಟಪಡಿಸಿತು. ನೋಯುವ ಹಲ್ಲುಗಳಲ್ಲಿ ತೆರೆದ ನಾಳಗಳ ಸಂಖ್ಯೆ ಸುಮಾರು ಎಂಟು ಪಟ್ಟು. ನಾಳದ ಅಗಲ ಸುಮಾರು ಎರಡು ಪಟ್ಟು. ನಾಳದಲ್ಲಿ ಹರಿಯುವ ದ್ರವದ ಪ್ರಮಾಣವು ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಅಂದರೆ ಅಗಲ ಎರಡು ಪಟ್ಟಾದರೆ ಹರಿವು ಹದಿನಾರು ಪಟ್ಟಾಗುತ್ತದೆ. ಕಿಂಚಿತ್ ಸವೆತವೂ ಇಷ್ಟು ಬಾಧೆ ಕೊಡುವುದೇಕೆಂಬುದು ಇದರಿಂದ ವಿದಿತವಾಗುತ್ತದೆ.

ಎರಡು ಮಾರ್ಗಗಳು

ಚಿಕಿತ್ಸೆಯ ಮಾರ್ಗಗಳು ಎರಡು: ನರವನ್ನು ಶಮನಗೊಳಿಸುವುದು ಒಂದು, ನಾಳದ ಬಾಗಿಲನ್ನು ಮುಚ್ಚುವುದು ಇನ್ನೊಂದು. ೧೯೭೪ರಲ್ಲಿ ಪ್ರಸ್ತಾಪಿತವಾದ ಪೊಟ್ಯಾಸಿಯಂ ನೈಟ್ರೇಟ್ ಮೊದಲನೆಯ ಮಾರ್ಗದ್ದು. ಇದನ್ನು ಬೆರೆಸಿದ ಪೇಸ್ಟುಗಳು ನರದ ಉದ್ರೇಕವನ್ನು ತಗ್ಗಿಸುತ್ತವೆ. ಆದರೆ ಗುಣ ಕಾಣಲು ಕೆಲವು ವಾರಗಳು ಬೇಕು, ಬಳಕೆ ನಿಲ್ಲಿಸಿದರೆ ನೋವು ಮರಳಬಹುದು. ತೆರೆದ ನಾಳವು ತೆರೆದೇ ಇರುವುದರಿಂದ ಇದು ಸಹಜ. ಎರಡನೆಯ ಮಾರ್ಗದಲ್ಲಿಯೇ ಅತಿಸೂಕ್ಷ್ಮ ಕಣಗಳ ಪ್ರವೇಶವಾಗುತ್ತದೆ.

ಇಂತಹ ಕಣಗಳಿಗೆ ಸಂಬಂಧಿಸಿದ 'ನ್ಯಾನೋ' ಎಂಬ ಮಾತಿಗೆ ಮೂಲ ಗ್ರೀಕ್ ಭಾಷೆಯ ಪದ. ಕುಳ್ಳ, ವಾಮನ ಎಂದು ಅದರ ಅರ್ಥ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ದೊರೆಯುವ ಒಂದು ಪಾಲೇ ನ್ಯಾನೋಮೀಟರ್. ಈ ಪ್ರಮಾಣದ ತಂತ್ರವಿದ್ಯೆಗೆ ೧೯೭೪ರಲ್ಲಿ 'ನ್ಯಾನೋಟೆಕ್ನಾಲಜಿ' ಎಂದು ಹೆಸರಿಟ್ಟವರು ಜಪಾನಿನ ನೋರಿಯೋ ತಾನಿಗುಚಿ. ಹಲ್ಲಿನ ನಾಳದ ಬಾಯಿ ಸುಮಾರು ಸಾವಿರ ನ್ಯಾನೋಮೀಟರ್ ಅಗಲವಿರುವುದರಿಂದ, ಅದರೊಳಗೆ ಹೋಗಬೇಕಾದ ಕಣವು ಅದಕ್ಕಿಂತ ಸಾಕಷ್ಟು ಕಿರಿದಾಗಿರಬೇಕು. ವಾಮನನಿಗೆ ಮಾತ್ರ ಅಲ್ಲಿ ಪ್ರವೇಶ.

ಹಲ್ಲು ಯಾವ ಖನಿಜದಿಂದಾಗಿದೆಯೋ ಆ ಖನಿಜದ ಪುಡಿಯಿಂದಲೇ ನಾಳವನ್ನು ಮುಚ್ಚುವುದು ಒಂದು ಉಪಾಯ. ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಕೂಡಿದ ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಜಪಾನಿನಲ್ಲಿ ಇದನ್ನು ಬೆರೆಸಿದ ಪೇಸ್ಟು ೧೯೮೦ರಲ್ಲಿಯೇ ಮಾರುಕಟ್ಟೆಗೆ ಬಂದಿತು. ದಂತಕ್ಷಯ ನಿರೋಧಕವೆಂದು ಅಲ್ಲಿನ ಸರ್ಕಾರ ೧೯೯೩ರಲ್ಲಿ ಮನ್ನಣೆ ನೀಡಿತು. ಅಮೆರಿಕದ ಲ್ಯಾರಿ ಹೆಂಚ್ ೧೯೬೯ರಲ್ಲಿ ಸಿದ್ಧಪಡಿಸಿದ ಜೈವಿಕ ಗಾಜು ಮತ್ತೊಂದು. ಯುದ್ಧದಲ್ಲಿ ಗಾಯಗೊಂಡವರ ಎಲುಬಿಗಾಗಿ ಹುಟ್ಟಿದ ಈ ಗಾಜಿನ ಪುಡಿಯು ಎಂಜಲು ತಾಗಿದೊಡನೆ ಕ್ಯಾಲ್ಸಿಯಂ, ಫಾಸ್ಫೇಟುಗಳನ್ನು ಬಿಟ್ಟುಕೊಟ್ಟು ಹಲ್ಲಿನ ಮೇಲೆ ಖನಿಜದ ಪದರ ಕಟ್ಟುತ್ತದೆ. ಹಾಲಿನ ಕೇಸೀನಿನಿಂದ ಪಡೆದ ಅಂಶಗಳಲ್ಲಿ ಇದೇ ಖನಿಜಗಳನ್ನು ಸೂಕ್ಷ್ಮಗುಚ್ಛಗಳಾಗಿ ಹಿಡಿದಿಡುವ ವಿಧಾನವೂ ಬಳಕೆಯಲ್ಲಿದೆ. ಹಾಲು ಒಗ್ಗದವರು ಅದರಿಂದ ದೂರವಿರಬೇಕು.

ಇವುಗಳಿಗೆಲ್ಲ ಒಂದು ಮಿತಿಯುಂಟು. ಮುಚ್ಚಳವು ಬಹುಮಟ್ಟಿಗೆ ನಾಳದ ಬಾಯಲ್ಲಿಯೇ ನಿಲ್ಲುತ್ತದೆ. ದಿನನಿತ್ಯದ ಉಜ್ಜುವಿಕೆಗೂ ಹುಳಿಗೂ ಅದು ಕ್ರಮೇಣ ಕಳಚುತ್ತದೆ. ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ.

ಬೆಂಗಳೂರಿನ ಪ್ರಯತ್ನ

ಈ ಮಿತಿಯನ್ನು ಮೀರುವ ಒಂದು ಪ್ರಯತ್ನವು ಕನ್ನಡ ನಾಡಿನಲ್ಲಿಯೇ ನಡೆದಿರುವುದು ಅಭಿಮಾನದ ಸಂಗತಿ. ೧೯೦೯ರಲ್ಲಿ ಸ್ಥಾಪಿತವಾದ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಅಲ್ಲಿಂದಲೇ ಹುಟ್ಟಿದ ಥೆರಾನಾಟಿಲಸ್ ಎಂಬ ಉದ್ಯಮವೂ ಕೂಡಿ 'ಕ್ಯಾಲ್‌ಬಾಟ್' ಎಂಬ ಕಣಗಳನ್ನು ರೂಪಿಸಿದರು. ಅದರ ವಿವರ ೨೦೨೫ರಲ್ಲಿ ಪ್ರಕಟವಾಯಿತು. ಕಣದ ಗಾತ್ರ ಸುಮಾರು ೪೦೦ ನ್ಯಾನೋಮೀಟರ್. ಅದು ಕಾಂತಕ್ಕೆ ಓಗೊಡುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಸಿಲಿಕೇಟಿನ ದ್ರವ್ಯವಿದೆ. ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡಿದಾಗ ಕಣಗಳು ನಾಳದೊಳಗೆ ೩೦೦ರಿಂದ ೫೦೦ ಮೈಕ್ರೋಮೀಟರಿನಷ್ಟು ಆಳಕ್ಕೆ ಸಾಗುತ್ತವೆ. ಅಲ್ಲಿ ಒಂದಕ್ಕೊಂದು ಕೂಡಿಕೊಂಡು ಗಾರೆಯಂತೆ ಗಟ್ಟಿಯಾಗುತ್ತವೆ. ಬಾಗಿಲಿಗೆ ಹಲಗೆ ಹಚ್ಚುವುದಕ್ಕೂ ಓಣಿಯೊಳಗೇ ಗೋಡೆ ಕಟ್ಟುವುದಕ್ಕೂ ಇರುವಷ್ಟು ಅಂತರ ಇದರಲ್ಲಿದೆ.

ಕಿತ್ತ ಮಾನವ ದಂತಗಳ ಮೇಲೆ ೨೦ ನಿಮಿಷಗಳ ಕಾಲ ಕಾಂತಕ್ಷೇತ್ರವನ್ನು ಪ್ರಯೋಗಿಸಿದಾಗ ನಾಳಗಳು ಮುಚ್ಚಿಕೊಂಡುದು ಕಂಡುಬಂದಿತು. ಬಳಿಕ ಇಲಿಗಳ ಮೇಲೆ ಪರೀಕ್ಷೆ ನಡೆಯಿತು. ಹಲ್ಲುನೋವಿಗೆ ಒಳಗಾದ ಇಲಿಗಳು ತಣ್ಣೀರನ್ನು ಬಿಟ್ಟು ಸಾಧಾರಣ ನೀರನ್ನೇ ಕುಡಿಯುತ್ತಿದ್ದವು. ಚಿಕಿತ್ಸೆಯ ಅನಂತರ ತಣ್ಣೀರನ್ನೂ ಮೊದಲಿನಂತೆ ಕುಡಿದವು. ಮಾತನಾಡದ ಪ್ರಾಣಿಯ ನೋವನ್ನು ಅದರ ನಡತೆಯಿಂದಲೇ ಅಳೆದ ರೀತಿ ಶ್ಲಾಘ್ಯವಾದುದು.

ವಿವೇಕದ ಮಾತು

ಆದರೆ ಸಂತೋಷದ ಭರದಲ್ಲಿ ವಿವೇಕವನ್ನು ಬಿಡಲಾಗದು. ಇಲಿಯ ಹಲ್ಲಿನಲ್ಲಿ ಫಲಿಸಿದುದು ಮನುಷ್ಯನ ಬಾಯಲ್ಲಿ ವರ್ಷಗಟ್ಟಲೆ ನಿಲ್ಲುವುದೆಂದು ಹೇಳಬೇಕಾದರೆ ಮಾನವರ ಮೇಲೆ ವಿಧಿವತ್ತಾದ ಪರೀಕ್ಷೆಗಳು ನಡೆದು ಫಲ ತೋರಬೇಕು. ಕಿರಿದಾದುದೆಲ್ಲ ಹಿತವೆಂಬ ನಿಯಮವೂ ಇಲ್ಲ. ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿಯು ಹೈಡ್ರಾಕ್ಸಿಅಪಟೈಟಿನ ಅತಿಸೂಕ್ಷ್ಮ ಕಣಗಳನ್ನು ಕುರಿತು ೨೦೨೩ರಲ್ಲಿ ಅಭಿಪ್ರಾಯ ನೀಡುವಾಗ ಕಣದ ಆಕಾರವನ್ನೂ ಪರಿಗಣಿಸಿತು: ಗಿಡ್ಡ ಕಡ್ಡಿಯಾಕಾರದ ಕಣಗಳು ಪೇಸ್ಟಿನಲ್ಲಿ ನೂರಕ್ಕೆ ಹತ್ತರವರೆಗೆ ಸುರಕ್ಷಿತ, ಸೂಜಿಯಾಕಾರದವುಗಳಿಗೆ ಈ ಮಾತು ಅನ್ವಯಿಸದು. ಡಬ್ಬಿಯ ಮೇಲೆ 'ನ್ಯಾನೋ' ಎಂದು ಅಚ್ಚು ಹಾಕಿದ ಮಾತ್ರಕ್ಕೆ ಮರುಳಾಗಬಾರದು ಎಂಬುದಕ್ಕೆ ಇದೇ ನಿದರ್ಶನ.

ಎಲ್ಲಕ್ಕಿಂತ ಮುಖ್ಯವಾದುದು ನಾಳಗಳ ಬಾಯಿ ತೆರೆಯದಂತೆ ಕಾಪಾಡಿಕೊಳ್ಳುವುದು. ಇಟ್ಟಿಗೆ ಪುಡಿ, ಇದ್ದಿಲು, ಮರಳುಗಳಿಂದ ಹಲ್ಲುಜ್ಜುವ ಅಭ್ಯಾಸವು ಹಲ್ಲನ್ನು ಬೆಳ್ಳಗೆ ಮಾಡುವಂತೆ ತೋರಿ ಸವೆಸುತ್ತದೆ. ಬಿರುಸಾದ ಬ್ರಷ್ಷನ್ನು ಒತ್ತಿ ಎಳೆಯುವುದೂ ಅಷ್ಟೇ ಹಾನಿಕರ. ಹುಳಿ ತಿಂದೊಡನೆ ಉಜ್ಜದೆ ನೀರಿನಲ್ಲಿ ಮುಕ್ಕಳಿಸಿ ಕೆಲಹೊತ್ತು ತಾಳಬೇಕು. ಜುಮ್ಮೆನ್ನುವ ಹಲ್ಲೆಲ್ಲ ದಂತಹರ್ಷದ್ದೇ ಆಗಿರಬೇಕೆಂದಿಲ್ಲ. ಹುಳುಕು, ಬಿರುಕುಗಳೂ ಹಾಗೆಯೇ ನೋಯುತ್ತವೆ. ಆದುದರಿಂದ ಅಂಗಡಿಯ ಪೇಸ್ಟಿಗೆ ಮೊದಲು ದಂತವೈದ್ಯರ ಪರೀಕ್ಷೆ ಅವಶ್ಯ. ತರಗತಿಯಲ್ಲಿ ಕೆನ್ನೆ ಹಿಡಿದು ಮೌನವಾಗಿ ಕುಳಿತ ಬಾಲಕನನ್ನು ಗುರುತಿಸಿ ವೈದ್ಯರಲ್ಲಿಗೆ ಕಳುಹಿಸುವ ಉಪಾಧ್ಯಾಯರು ಪಾಠದಷ್ಟೇ ದೊಡ್ಡ ಉಪಕಾರವನ್ನು ಮಾಡುತ್ತಾರೆ.

ಕಣ್ಣಿಗೆ ಕಾಣದ ರಂಧ್ರವೊಂದು ಮನುಷ್ಯನ ಅನ್ನಪಾನದ ಸುಖವನ್ನೇ ಕಸಿಯಬಲ್ಲದು. ಕಣ್ಣಿಗೆ ಕಾಣದ ಕಣವೊಂದು ಅದನ್ನು ಮರಳಿಸಬಲ್ಲುದೆಂಬ ಭರವಸೆ ಈಗ ಮೂಡಿದೆ. ಆ ಭರವಸೆ ಸಿದ್ಧಿಸಿದ ದಿನ 'ಹರ್ಷ' ಶಬ್ದವು ಹಲ್ಲಿನ ಮಟ್ಟಿಗೂ ತನ್ನ ಇನ್ನೊಂದು ಅರ್ಥವನ್ನು ಪಡೆದುಕೊಂಡೀತು.