ಇ.ಕೆ. ನಾಯನಾರ್: 1971ರ ಸೋಲಿನ ನಂತರ

ಮುಂದೆ ಕೇರಳದ ಮುಖ್ಯಮಂತ್ರಿಯಾದ ನಾಯನಾರ್ 1971ರಲ್ಲಿ ಸೋತದ್ದು ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ; ಪೈವಳಿಕೆ (ಮಂಜೇಶ್ವರ ವಿಧಾನಸಭಾ ಕ್ಷೇತ್ರ) ಇರುವುದೂ ಅದರಲ್ಲೇ. ಹಾಗಾಗಿ ಗಡಿನಾಡಿನ ಪರೀಕ್ಷಾರ್ಥಿಗಳು ಈ ಟಿಪ್ಪಣಿಯನ್ನು ಬಿಡಲೇಬಾರದು.

1. 1967: ಪಾಲಕ್ಕಾಡಿನಿಂದ ಲೋಕಸಭೆಗೆ (ಸಿಪಿಎಂ).
2. 1971: ಕಾಸರಗೋಡಿನಲ್ಲಿ ಸೋಲು. ಗೆದ್ದವರು ಕಾಂಗ್ರೆಸ್‌ನ ಯುವಕ ಕಡನ್ನಪ್ಪಳ್ಳಿ ರಾಮಚಂದ್ರನ್. ಇವರೇ ಮುಂದೆ ಎಡರಂಗ ಸರ್ಕಾರದಲ್ಲಿ ಮಂತ್ರಿ!
3. 1972: ನಾಯನಾರ್ ಸಿಪಿಎಂ ರಾಜ್ಯ ಕಾರ್ಯದರ್ಶಿ. 1974: ಇರಿಕ್ಕೂರಿನಿಂದ ಶಾಸಕ.
4. ಮುಖ್ಯಮಂತ್ರಿ ಮೂರು ಬಾರಿ: 1980–81, 1987–91, 1996–2001. ಒಟ್ಟು 4009 ದಿನ, ಕೇರಳದಲ್ಲಿ ಅತಿ ದೀರ್ಘ.

ಪ್ರಶ್ನೆಗೆ ಹೇಳಿ ಮಾಡಿಸಿದ ಅಂಶ: 1996ರಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಅವರು ಶಾಸಕರಾಗಿರಲಿಲ್ಲ. ಸಂವಿಧಾನದ 164(4)ನೇ ವಿಧಿಯಂತೆ 6 ತಿಂಗಳೊಳಗೆ ಸದಸ್ಯರಾಗಬೇಕು. ತಲಶ್ಶೇರಿ ಉಪಚುನಾವಣೆಯಲ್ಲಿ ಗೆದ್ದರು. ಕೇಂದ್ರ ಮಂತ್ರಿಗಳಿಗೆ ಇದೇ ನಿಯಮ 75(5)ನೇ ವಿಧಿಯಲ್ಲಿದೆ. ಅದಲುಬದಲು ಮಾಡಬೇಡಿ.

ಗೊಂದಲ ಬೇಡ:
• ಕಯ್ಯೂರು (1941ರ ರೈತ ಹೋರಾಟ, ನಾಯನಾರ್ ಆರೋಪಿ, ನಿರಂಜನರ ‘ಚಿರಸ್ಮರಣೆ’ಯ ವಸ್ತು) ಬೇರೆ, ಪೈವಳಿಕೆ ಪಂಚಾಯತಿನ ಕಯ್ಯಾರು ಬೇರೆ.
• 1987, 1991ರಲ್ಲಿ ಗೆದ್ದ ತೃಕ್ಕರಿಪುರ ಕಾಸರಗೋಡು ಜಿಲ್ಲೆಯದೇ. ಸೋಲಿಸಿದ ನೆಲವೇ ಎರಡು ಸಲ ಗೆಲ್ಲಿಸಿತು.
• ಸಂಪೂರ್ಣ ಸಾಕ್ಷರ ಕೇರಳ ಘೋಷಣೆ, 18 ಏಪ್ರಿಲ್ 1991: ಎರಡನೇ ಅವಧಿ. ಅಧಿಕಾರ ವಿಕೇಂದ್ರೀಕರಣದ ಜನತಾ ಯೋಜನೆ, 1996: ಮೂರನೇ ಅವಧಿ.

ನಿಧನ: 19 ಮೇ 2004.