ಜ್ವರ ಬಿಟ್ಟ ದಿನ ಕೆಲಸಕ್ಕೆ ಹೋಗಬೇಡಿ

ಮಕ್ಕಳೇ, ಐಪ್ಪಸಿ ಮಳೆ ಹಿಡಿಯಿತೆಂದರೆ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಜ್ವರದ ಕಾಲ ಶುರುವಾಯಿತೆಂದೇ ಲೆಕ್ಕ. ನೈಋತ್ಯ ಮಾರುತ ನಮಗೆ ಗಾಳಿ ಕೊಟ್ಟು ಹೋಗುತ್ತದೆ, ಮಳೆ ಕೊಡುವುದು ಅಕ್ಟೋಬರ್, ನವೆಂಬರಿನ ಈಶಾನ್ಯ ಮಾರುತ. ಡೆಂಗಿ ತಲೆ ಎತ್ತುವುದೂ ಆಗಲೇ. ಪಲ್ಲಡಂ ಕಡೆಯ ಹಳ್ಳಿಗಳಲ್ಲಿ ಸರಕಾರಿ ನರ್ಸಾಗಿ ಮನೆಮನೆ ತಿರುಗಿದವಳು ನಾನು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಅನ್ನುವ ದೇವಾಂಗರ ಮನೆ ನನ್ನದು. ನಮ್ಮ ನೇಕಾರರ ಮಕ್ಕಳಿಗೂ, ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ದಿಂಬಂ ಘಾಟಿ ಇಳಿದು ಬನಿಯನ್ ಕಂಪನಿಗೆ ಬಂದಿರುವ ಹುಡುಗ ಹುಡುಗಿಯರಿಗೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಡೆಂಗಿಯಲ್ಲಿ ಜ್ವರ ಸುಡುತ್ತಿರುವ ದಿನಕ್ಕಿಂತ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯ.

ಇದನ್ನು ನೀವು ನಂಬುವುದು ಕಷ್ಟ, ನನಗೆ ಗೊತ್ತು. ಮೂರು ದಿನ ಮೈ ಕಾದು, ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಸಂಕಟ ಅನುಭವಿಸಿ, ನಾಲ್ಕನೆಯ ದಿನ ಬೆಳಗ್ಗೆ ಮೈ ತಣ್ಣಗಾದರೆ ಯಾರಿಗಾದರೂ ಗೆದ್ದೆವು ಅನ್ನಿಸುತ್ತದೆ. ಪೀಸ್ ರೇಟಿನಲ್ಲಿ ಓವರ್‌ಲಾಕ್ ಹೊಡೆಯುವವರಿಗೆ ಕೂತ ದಿನದ ಕೂಲಿ ಇಲ್ಲ. ಶನಿವಾರದ ಸಂಬಳ ಕಡಿಮೆಯಾದರೆ ಬಾಡಿಗೆಗೂ, ಊರಿಗೆ ಕಳಿಸುವುದಕ್ಕೂ ತತ್ವಾರ. ಹಾಗಾಗಿ ಒಂದು ಲೋಟ ಟೀ ಕುಡಿದು ಮಿಷನ್ ಮುಂದೆ ಕೂತುಬಿಡುತ್ತೀರಿ. ಆದರೆ ಮೈಯೊಳಗೆ ಆಗುತ್ತಿರುವುದೇ ಬೇರೆ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ, ಕೆಲವರಲ್ಲಿ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಗೆ ಸೋರಲು ತೊಡಗುತ್ತದೆ. ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ನೀವು ಜ್ವರ ಬಿಟ್ಟಿತೆಂದು ಸಂತೋಷಪಡುವ ಆ ತಂಪು ಕೆಲವೊಮ್ಮೆ ಈ ತಂಪೇ ಆಗಿರುತ್ತದೆ.

ಆ ಎರಡು ದಿನ ಏನೇನು ನೋಡಬೇಕು ಅಂತ ಕೇಳಿದರೆ, ಮೊದಲು ಮೂತ್ರ ನೋಡಿ ಅನ್ನುತ್ತೇನೆ. ನಾಲ್ಕೈದು ಗಂಟೆಗೊಮ್ಮೆಯಾದರೂ ಮೂತ್ರ ಹೋಗುತ್ತಿರಬೇಕು. ಆರು ಗಂಟೆ ದಾಟಿಯೂ ಹೋಗಲಿಲ್ಲ ಅಂದರೆ ಕಾಯಬೇಡಿ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಎದ್ದು ನಿಂತರೆ ಕಣ್ಣು ಕತ್ತಲೆ, ಮಾತಾಡಿಸಿದರೂ ಮಂಕು, ಹೆಣ್ಣುಮಕ್ಕಳಿಗೆ ತಿಂಗಳ ಸ್ರಾವ ಅತಿಯಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ. ಒಂದೇ ರೂಮಿನಲ್ಲಿ ನಾಲ್ಕೈದು ಜನ ಇರುವ ಕಡೆ ಒಬ್ಬರಿಗೆ ಹುಷಾರಿಲ್ಲದಿದ್ದರೆ ಉಳಿದವರು ಶಿಫ್ಟ್ ಬದಲಾಯಿಸಿಕೊಂಡಾದರೂ ಪಕ್ಕದಲ್ಲಿರಿ. ಮಂಕು ಕವಿದವರಿಗೆ ತಾವು ಮಂಕಾಗಿದ್ದೇವೆಂದು ತಿಳಿಯುವುದಿಲ್ಲ.

ಮಾತ್ರೆಯ ವಿಷಯವನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಅದೂ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಬೇಡವೇ ಬೇಡ. ಅವು ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲವು. ಮೈಕೈ ನೋವೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಹೆಸರು ತಿಳಿಯದ ಬಿಡಿ ಮಾತ್ರೆಗಳ ಪೊಟ್ಟಣದಲ್ಲಿ ಇವೇ ಇರುವುದುಂಟು. ನಾಳೆಯೇ ಕೆಲಸಕ್ಕೆ ಹೋಗಬೇಕು, ಒಂದು ಊಸಿ (ಇಂಜೆಕ್ಷನ್) ಹಾಕಿ ಎಂದು ಡಾಕ್ಟರನ್ನು ಪೀಡಿಸುವುದನ್ನೂ ಬಿಡಿ. ಡೆಂಗಿಗೆ ಊಸಿ ಇಲ್ಲ, ವಿಶ್ರಾಂತಿ ಮತ್ತು ನೀರೇ ಮದ್ದು. ಗಂಜಿ, ಎಳನೀರು, ಮಜ್ಜಿಗೆ, ಓ.ಆರ್.ಎಸ್. ಯಾವುದಾದರೂ ಸರಿ, ಗುಟುಕು ಗುಟುಕಾಗಿ ಇಡೀ ದಿನ ಕುಡಿಯುತ್ತಿರಬೇಕು.

ನಿಲವೇಂಬು ಕಷಾಯದ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. ನಮ್ಮ ನೆಲಬೇವೇ ಅದು. ಜೊತೆಗೆ ಲಾವಂಚ, ಶುಂಠಿ, ಮೆಣಸು ಸೇರಿ ಒಂಬತ್ತು ಸಾಮಾನು. ತಮಿಳುನಾಡಿನ ಸರಕಾರಿ ಆಸ್ಪತ್ರೆಗಳಲ್ಲೇ ಜ್ವರದ ಕಾಲಕ್ಕೆ ಲೋಟಕ್ಕೆ ಹಾಕಿ ಕೊಡುತ್ತಾರೆ. ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಕಷಾಯ ಕುಡಿದೆವೆಂದು ರಕ್ತಪರೀಕ್ಷೆ ಬಿಡಬೇಡಿ. ಪಪ್ಪಾಯಿ ಎಲೆಯ ರಸವನ್ನು ಮಾತ್ರ, ವಾಂತಿ ಆಗುತ್ತಿರುವ ಮಗುವಿನ ಬಾಯಿಗೆ ಬಲವಂತವಾಗಿ ಹಿಂಡಬೇಡಿ. ಒಳಗೆ ಉಳಿಯಬೇಕಾದ ನೀರೂ ವಾಂತಿಯಾಗಿ ಹೋಗುತ್ತದೆ. ಜ್ವರ ಬಂದ ಮೊದಲ ಐದು ದಿನದೊಳಗಾದರೆ ಎನ್.ಎಸ್.1 ಪರೀಕ್ಷೆ, ಆಮೇಲಾದರೆ ಐ.ಜಿ.ಎಂ. ಪರೀಕ್ಷೆ. ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಪಿ.ಎಚ್.ಸಿ.ಗೆ ಮೊದಲ ದಿನವೋ ಎರಡನೆಯ ದಿನವೋ ಹೋದವರ ಹೆಸರು ಪಟ್ಟಿಗೆ ಸೇರುತ್ತದೆ. ಆಗ ನಿಮ್ಮ ಬೀದಿಗೆ ಹೊಗೆ ಹೊಡೆಯಲು, ಲಾರ್ವಾ ಹುಡುಕಲು ಜನ ಬರುತ್ತಾರೆ. ನೀವು ಬೇಗ ಹೋದರೆ ಪಕ್ಕದ ಮನೆಯ ಕೂಸಿಗೂ ಉಪಕಾರ. 2012ರಲ್ಲಿ ಈ ರಾಜ್ಯದಲ್ಲಿ ಡೆಂಗಿಯಿಂದ 66 ಜನ, 2017ರಲ್ಲಿ 65 ಜನ ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ.

ಸೊಳ್ಳೆ ಎಲ್ಲಿಂದ ಬರುತ್ತದೆ? ಸಾಕ್ಕಡೆಯಿಂದ ಅಂತ ಎಲ್ಲರೂ ಚರಂಡಿಯ ಕಡೆ ಕೈ ತೋರಿಸುತ್ತಾರೆ. ಡೆಂಗಿಯ ಸೊಳ್ಳೆಗೆ ಆ ಕೊಳಕು ನೀರು ಸೇರದು, ಅದಕ್ಕೆ ನೀವು ಕುಡಿಯಲು ಹಿಡಿದಿಟ್ಟ ತಿಳಿನೀರೇ ಬೇಕು. ಕೊಯಮತ್ತೂರಿಗೆ ಸಿರುವಾಣಿ, ಪಿಲ್ಲೂರಿನ ಸಿಹಿನೀರು ಇದ್ದರೂ ಎಷ್ಟೋ ಕಡೆ ನಲ್ಲಿ ದಿನಾ ಬರುವುದಿಲ್ಲ. ತಿರುಪ್ಪೂರಿನ ಲೈನ್ ಮನೆಗಳಲ್ಲಂತೂ ಬಾಗಿಲಿಗೊಂದು ನೀಲಿ ಡ್ರಮ್ಮು. ನೀರು ಬಂದ ದಿನ ತುಂಬುತ್ತೀರಿ, ತಳದಲ್ಲಿ ಉಳಿದದ್ದರ ಮೇಲೇ ಮತ್ತೆ ತುಂಬುತ್ತೀರಿ. ಮೊಟ್ಟೆಯಿಂದ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು.

ಇವತ್ತೇ ಒಂದು ಕೆಲಸ ಮಾಡಿ. ಡ್ರಮ್ಮಿನ ಮುಚ್ಚಳ ಮೆಲ್ಲಗೆ ತೆಗೆದು, ನೀರು ಅಲುಗಿಸದೆ, ಮೊಬೈಲ್ ಟಾರ್ಚ್ ಬಿಡಿ. ನೀರಿನ ಮೇಲ್ಭಾಗದಲ್ಲಿ ತಲೆ ಕೆಳಗಾಗಿ ಜೋತಿರುವ ಸಣ್ಣ ಹುಳುಗಳು ಬೆಳಕು ಬಿದ್ದ ಕೂಡಲೇ ಡೊಂಕುಡೊಂಕಾಗಿ ತಳಕ್ಕೆ ಓಡುತ್ತವೆ. ಆಮೇಲೆ ನೀರಿನ ಗೆರೆಗಿಂತ ಒಂದು ಬೆರಳು ಮೇಲೆ, ಡ್ರಮ್ಮಿನ ಗೋಡೆಗೆ ಕೈಯಾಡಿಸಿ. ಕಾಡಿಗೆ ಪುಡಿಯಂತೆ ಅಂಟಿದ ಚುಕ್ಕೆಗಳಿದ್ದರೆ ಅವೇ ಮೊಟ್ಟೆಗಳಿರಬಹುದು. ನೀರು ಚೆಲ್ಲಿದರೆ ಹುಳು ಹೋಗುತ್ತದೆ, ಈ ಮೊಟ್ಟೆ ಹೋಗುವುದಿಲ್ಲ. ಒಣಗಿದ ಗೋಡೆಯಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಮಳೆಗೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ತೆಂಗಿನ ನಾರಿನಿಂದ ಗೋಡೆ ಉಜ್ಜಿ, ಒಣಗಿಸಿ ಮತ್ತೆ ತುಂಬಿ ಎಂದು ನಾವು ನರ್ಸುಗಳು ಬಾಯಿ ನೋಯುವಷ್ಟು ಹೇಳಿದ್ದು. ಕಾರ್ಪೊರೇಷನ್ನಿನಿಂದಲೋ ಪಂಚಾಯತಿಯಿಂದಲೋ ಡ್ರಮ್ಮು ನೋಡಲು ಬರುವ ಹೆಂಗಸರ ಮುಖಕ್ಕೆ ಬಾಗಿಲು ಹಾಕಬೇಡಿ. ದಿನಗೂಲಿಗೆ ಬಿಸಿಲಲ್ಲಿ ನೂರು ಮನೆ ಹತ್ತಿಳಿಯುವವರು ಅವರು. ಅವರು ಬಿಡುವ ಅಬೇಟ್ ಮದ್ದನ್ನು ಗೊತ್ತುಪಡಿಸಿದ ಅಳತೆಯಲ್ಲಿ ಹಾಕಿದರೆ ಮನುಷ್ಯರಿಗೆ ಏನೂ ಆಗದು.

ನೆಗಮಂ, ವದಂಬಚೇರಿ, ಸಿರುಮುಗೈ ಕಡೆ ಇನ್ನೂ ಕುಣಿಮಗ್ಗ ನೇಯುವ ಮನೆಗಳಿಗೆ ಬೇರೆಯದೇ ಮಾತಿದೆ. ಬಿಳಿ ಪಟ್ಟೆ ಕಾಲಿನ ಈ ಸೊಳ್ಳೆ ಕಡಿಯುವುದು ಹಗಲು, ಕೂರುವುದು ಕತ್ತಲೆಯ ತಂಪಿನಲ್ಲಿ, ಹುಡುಕುವುದು ಮೊಣಕಾಲ ಕೆಳಗಿನ ಮೈ. ನೇಯುವವರ ಕಾಲು ಬೆಳಗಿನಿಂದ ಸಂಜೆಯವರೆಗೆ ಇರುವುದು ಅಂಥದೇ ಕುಣಿಯಲ್ಲಿ. ಮಳೆಗೆ ಅದರೊಳಗೆ ನೀರು ಜಿನುಗಿದರೆ ಕೂಡಲೇ ಮೊಗೆದು ತೆಗೆಯಿರಿ. ಮಗ್ಗಕ್ಕೆ ಇಳಿಯುವ ಮುಂಚೆ ಕಾಲಿಗೆ ಬೇವಿನೆಣ್ಣೆಯನ್ನೋ ಸೊಳ್ಳೆ ಕ್ರೀಮನ್ನೋ ಹಚ್ಚಿಕೊಳ್ಳಿ, ಉದ್ದ ಪ್ಯಾಂಟು ಹಾಕಿಕೊಳ್ಳಿ. ಹಗಲು ತೊಟ್ಟಿಲಲ್ಲಿ ಮಲಗುವ ಕೂಸಿಗೂ ಸೊಳ್ಳೆಪರದೆ ಬೇಕು.

ಇನ್ನು ಕೂಲಿಯ ಮಾತು. ವಿಶ್ರಾಂತಿ ತಗೊಳ್ಳಿ ಅಂತ ಹೇಳಿ ಹೋಗುವುದು ಸುಲಭ, ಒಲೆ ಉರಿಯಬೇಕಲ್ಲ. ಅದಕ್ಕೇ ಇ.ಎಸ್.ಐ. ಎಂಬ ಕಾರ್ಮಿಕರ ವಿಮೆ ಇರುವುದು. ತಮಿಳುನಾಡಿನಲ್ಲಿ ಈ ಯೋಜನೆ 1955ರಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಕೊಯಮತ್ತೂರಿನಲ್ಲೇ, ಗಿರಣಿ ಕಾರ್ಮಿಕರಿಗಾಗಿ. ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರ ಸಂಬಳದಿಂದ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ, ಕಂಪನಿ 3 ರೂಪಾಯಿ 25 ಪೈಸೆ ಕಟ್ಟುತ್ತದೆ. ಗುತ್ತಿಗೆದಾರನ ಕೈಕೆಳಗೆ ಇರುವವರಿಗೂ ಇದು ಸಲ್ಲಬೇಕು. ಸೇರಿದ ದಿನದಿಂದಲೇ ಚಿಕಿತ್ಸೆ ಸಿಗುತ್ತದೆ. ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ, ಕಾಯಿಲೆಯ ರಜೆಗೆ ದಿನಗೂಲಿಯ ನೂರಕ್ಕೆ 70ರಷ್ಟು ಹಣ, ವರ್ಷಕ್ಕೆ 91 ದಿನದವರೆಗೆ. ಹೊಸಬರಿಗೆ ಈ ಹಣ ಶುರುವಾಗಲು ಸುಮಾರು ಒಂಬತ್ತು ತಿಂಗಳು ಹಿಡಿಯುತ್ತದೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣವಿಲ್ಲ ಅನ್ನುವುದೂ ಗೊತ್ತಿರಲಿ. ಆದ್ದರಿಂದ ಜ್ವರ ಬಂದ ದಿನವೇ ಡಿಸ್ಪೆನ್ಸರಿಗೆ ಹೋಗಿ ಸರ್ಟಿಫಿಕೇಟ್ ಮಾಡಿಸಿ. ಮನೆಯಲ್ಲಿ ಮಲಗಿದ್ದು ನಾಲ್ಕನೆಯ ದಿನ ಹೋದರೆ ಎಣಿಕೆ ಅಲ್ಲಿಂದಲೇ ಶುರುವಾದೀತು. ಸಿಂಗಾನಲ್ಲೂರಿನಲ್ಲಿ ದೊಡ್ಡ ಇ.ಎಸ್.ಐ. ಆಸ್ಪತ್ರೆ ಇದೆ, ತಿರುಪ್ಪೂರಿನಲ್ಲೂ ಈಗ 100 ಹಾಸಿಗೆಯ ಆಸ್ಪತ್ರೆ ಇದೆ. ನಿಮ್ಮ ದುಡ್ಡು ಹಿಡಿದಿದ್ದಾರೆ, ಸಂಕೋಚ ಬೇಡ.

ಮಳೆಗಾಲದ ಬಾಗಿಲಲ್ಲೇ ದಸರೆ ಬರುತ್ತದೆ. ವಿಜಯದಶಮಿಗೆ ನಮ್ಮ ಹುಡುಗರು ಕೊಯಮತ್ತೂರು ರಾಜವೀದಿಯ ಚೌಡೇಶ್ವರಿ ಅಮ್ಮನಿಗೆ ಅಲಗು ಸೇವೆ ಮಾಡುತ್ತಾರೆ, ಎದೆ ತೋಳಿಗೆ ಕತ್ತಿ ತಾಗಿಸಿಕೊಂಡು ಗಾಯಕ್ಕೆ ಅರಿಸಿನ ಹಚ್ಚುತ್ತಾರೆ. ಅಮ್ಮನ ಸೇವೆಯ ಬಗ್ಗೆ ನನಗೆ ಭಕ್ತಿಯಿದೆ, ಅಲಗು ಹಿಡಿಯಬೇಡಿ ಎಂದು ನಾನು ಹೇಳಲಾರೆ. ಆದರೆ ಅರಿಸಿನ ಧನುರ್ವಾಯುವನ್ನು ತಡೆಯದು. 10 ಮತ್ತು 16ರ ವಯಸ್ಸಿಗೆ ಹಾಕುವ ಟಿ.ಡಿ. ಲಸಿಕೆ ತಪ್ಪಿದ್ದರೆ, ಅಥವಾ ಹಾಕಿಸಿ ಹತ್ತು ವರ್ಷ ದಾಟಿದ್ದರೆ, ಹಬ್ಬಕ್ಕೆ ಎರಡು ವಾರ ಮೊದಲು ಪಿ.ಎಚ್.ಸಿ.ಯಲ್ಲಿ ಹಾಕಿಸಿಕೊಳ್ಳಿ. ಅಲಗನ್ನು ತೊಳೆದು ಕುದಿನೀರಿನಲ್ಲಿ ಅದ್ದಿ, ಒಬ್ಬರ ಅಲಗನ್ನು ಇನ್ನೊಬ್ಬರು ಮುಟ್ಟಬೇಡಿ. ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿ ಇದೆ, ಬೆಂಗಳೂರಿನಲ್ಲೂ ಪ್ಲೇಗಮ್ಮನ ಗುಡಿ ಇದೆ. ಅಮ್ಮನಿಗೆ ಗುಡಿ ಕಟ್ಟಿದ ಕಾಲದ ಜನ ಪ್ಲೇಗಿಗೆ ಹೆದರಿ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡೂ ಇದ್ದರು. ಹರಕೆಯೂ ಎಚ್ಚರವೂ ಒಟ್ಟಿಗೇ ನಡೆದು ಬಂದಿವೆ.

ಉಳಿದ ಕಾಲಗಳ ಮಾತು ಚಿಕ್ಕದು. ಆಡಿ ತಿಂಗಳ ಗಾಳಿ ಎದ್ದಾಗ ಧೂಳಿಗೆ ಕಣ್ಣು ಉಜ್ಜುತ್ತೀರಿ. ಆಮೇಲೆ ಮದ್ರಾಸ್ ಐ ಅನ್ನುವ ಕಣ್ಣುಬೇನೆ ಹಾಸ್ಟೆಲಿನ ಒಂದು ಟವಲಿನಿಂದ ಎಲ್ಲರಿಗೂ ಅಂಟುತ್ತದೆ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹಾಕಬೇಡಿ. ಮಾರ್ಚಿನಿಂದ ಮೇವರೆಗೆ ಐರನ್ ಟೇಬಲಿನ ಹಬೆಯಲ್ಲಿ ನಿಲ್ಲುವವರು ಬಾಯಾರುವ ಮುಂಚೆಯೇ ನೀರು ಕುಡಿಯಬೇಕು. ಟಾಯ್ಲೆಟ್ಟಿಗೆ ಎದ್ದರೆ ಸೂಪರ್ವೈಸರ್ ಗದರುತ್ತಾನೆಂದು ಹುಡುಗಿಯರು ನೀರು ಕುಡಿಯದೆ ಕೂರುವುದನ್ನು ಬಹಳ ನೋಡಿದ್ದೇನೆ. ಉರಿಮೂತ್ರ ಹತ್ತಿಕೊಂಡು, ಆಮೇಲೆ ಸೋಂಕು ಮೂತ್ರಕೋಶದಿಂದ ಕಿಡ್ನಿಗೆ ಹೋಗಿ ಚಳಿಜ್ವರ ಬರುತ್ತದೆ. ಎದ್ದು ಹೋಗಿ ಅಮ್ಮಾ, ಗದರಿದರೆ ಗದರಲಿ. ಹತ್ತಿಯ ಧೂಳಿನಲ್ಲಿ ಕೆಲಸ ಮಾಡುವವರಿಗೆ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಧೂಳಿನ ಕೆಮ್ಮೆಂದು ಸುಮ್ಮನಿರಬೇಡಿ, ಕಫ ಪರೀಕ್ಷೆ ಮಾಡಿಸಿ. ಕ್ಷಯವಾಗಿದ್ದರೆ ಔಷಧಿ ಉಚಿತ, 2024ರ ನವೆಂಬರಿನಿಂದ ಊಟದ ಖರ್ಚಿಗೆ ತಿಂಗಳಿಗೆ 1,000 ರೂಪಾಯಿಯೂ ಬರುತ್ತದೆ.

ಮನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ಅಪ್ಪ ಅವ್ವ ಇದ್ದರೆ, 2021ರ ಆಗಸ್ಟಿನಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯವರು ಮಾತ್ರೆಯನ್ನು ಮನೆ ಬಾಗಿಲಿಗೇ ತಂದು ಕೊಡುತ್ತಾರೆ. ಹೆಸರು ಬರೆಸಿದ್ದೀರಾ ನೋಡಿ. ಅವಿನಾಶಿ ರಸ್ತೆಯಲ್ಲೋ ಪಲ್ಲಡಂ ರಸ್ತೆಯಲ್ಲೋ ಯಾರಿಗಾದರೂ ಅಪಘಾತವಾದರೆ, ಅವರು ಯಾವ ರಾಜ್ಯದವರಾದರೂ ಸರಿ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮೊದಲ 48 ಗಂಟೆಯ ಚಿಕಿತ್ಸೆಯ ವೆಚ್ಚವನ್ನು ತಮಿಳುನಾಡು ಸರಕಾರ ಭರಿಸುತ್ತದೆ. ದುಡ್ಡಿಲ್ಲವೆಂದು ಹಿಂಜರಿಯದೆ ಒಯ್ಯಿರಿ.

ಊರು ಬಿಟ್ಟು ಬಂದ ಮಕ್ಕಳಿಗೆ ಮೈಗಿಂತ ಮನಸ್ಸು ಮೊದಲು ಸೋಲುವುದೂ ಉಂಟು. ನಿದ್ದೆ ಬಾರದೆ, ಊಟ ಸೇರದೆ, ಯಾರ ಹತ್ತಿರ ಹೇಳಲಿ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಹೆಸರು. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಮಿಳು ಬಾರದೆಂದು ಆಸ್ಪತ್ರೆಗೆ ಹೋಗಲು ಹೆದರುವವರು ನಮ್ಮ ಬೀದಿಗಳಲ್ಲಿ ಯಾವ ದೇವಾಂಗರ ಮನೆಯ ಬಾಗಿಲನ್ನಾದರೂ ತಟ್ಟಿ, ಜೊತೆಗೆ ಬಂದು ಹೇಳಿಕೊಡುವ ಹಿರಿಯರು ಸಿಗುತ್ತಾರೆ.

ಈಗ ಇದನ್ನು ಓದಿದ ಮೇಲೆ ನಿಮ್ಮ ಹತ್ತು ಅಂಕಿಯ ಇ.ಎಸ್.ಐ. ನಂಬರು ನಿಮಗೆ ಗೊತ್ತಿದೆಯೇ ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ನಾಳೆ ಬೆಳಗ್ಗೆ ಮಿಷನ್ ಮುಂದೆ ಕೂರುವ ಮೊದಲು ಕಂಪನಿ ಆಫೀಸಿನಲ್ಲಿ ಕೇಳಿ ಬರೆದುಕೊಳ್ಳಿ. ಪಕ್ಕದಲ್ಲಿ ಕೂರುವವರಿಗೂ ಬರೆದುಕೊಳ್ಳಲು ಹೇಳಿ.